ಸಾಲಿಸ್‌ಬರಿಯ ಶಿಖರ ಏಕೆ ಬೀಳಲಿಲ್ಲ?

ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ನೈಋತ್ಯಕ್ಕೆ ಹೊರಟ ರೈಲು ಸುಮಾರು ಒಂದೂವರೆ ಗಂಟೆಯಲ್ಲಿ ಸಾಲಿಸ್‌ಬರಿಯನ್ನು ಮುಟ್ಟುತ್ತದೆ. ಊರಿನ ಮನೆಮಾಡುಗಳು ಸ್ಪಷ್ಟವಾಗುವುದಕ್ಕೆ ಮೊದಲೇ ಹಸುರು ಬಯಲಿನ ನಡುವೆ ಸೂಜಿಯಂತೆ ಚೂಪಾದ ಕಲ್ಲಿನ ಶಿಖರವೊಂದು ಕಣ್ಣಿಗೆ ಬೀಳುತ್ತದೆ. ಅದು ಅಲ್ಲಿಯ ಕೆಥೀಡ್ರಲ್ಲಿನ, ಎಂದರೆ ಬಿಷಪ್ಪರ ಪೀಠವಿರುವ ಮಹಾದೇವಾಲಯದ ಶಿಖರ. ನೆಲದಿಂದ ತುದಿಯವರೆಗೆ ಅದರ ಎತ್ತರ 123 ಮೀಟರ್. ಹಳೆಯ ಲೆಕ್ಕದಲ್ಲಿ 404 ಅಡಿ. ಲಿಂಕನ್ ಪಟ್ಟಣದ ಶಿಖರ 1548ರಲ್ಲಿ ಉರುಳಿತು. ಲಂಡನ್ನಿನ ಹಳೆಯ ಸೇಂಟ್ ಪಾಲ್ ದೇವಾಲಯದ ಶಿಖರ 1561ರಲ್ಲಿ ಸಿಡಿಲಿಗೆ ಆಹುತಿಯಾಯಿತು. ಅಂದಿನಿಂದ ಇಂಗ್ಲೆಂಡಿನ ಚರ್ಚುಗಳಲ್ಲೆಲ್ಲ ಅತ್ಯುನ್ನತವೆಂಬ ಹೆಸರು ಸಾಲಿಸ್‌ಬರಿಯ ಶಿಖರಕ್ಕೇ ಉಳಿದಿದೆ.

ಈ ಊರನ್ನು ನೋಡಬೇಕೆಂಬ ಬಯಕೆ ನನಗೆ ಹುಟ್ಟಿದುದು ತರಗತಿಯ ಕೋಣೆಯಲ್ಲಿ. ವಸ್ತುಗಳ ಸಮತೋಲವನ್ನು ಪಾಠ ಹೇಳುವಾಗ ಪ್ರತಿ ವರ್ಷವೂ ಕಪ್ಪು ಹಲಗೆಯ ಮೇಲೆ ಒಂದು ಶಂಕುವನ್ನು ಬರೆದು, ಅದರ ಗುರುತ್ವ ಕೇಂದ್ರದಿಂದ ಕೆಳಕ್ಕೆ ಒಂದು ಲಂಬರೇಖೆಯನ್ನು ಎಳೆಯುವುದು ನನ್ನ ರೂಢಿ. ಒಂದು ವರ್ಷ ಸಾಲಿಸ್‌ಬರಿಯ ಶಿಖರವನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದುನಿಂತು, "ಸಾರ್, ಅದನ್ನು ಕಟ್ಟಿದವರಿಗೆ ಈ ಸೂತ್ರ ಗೊತ್ತಿತ್ತೆ?" ಎಂದು ಕೇಳಿದ. ಗೊತ್ತಿರಲಿಲ್ಲ, ನ್ಯೂಟನ್ ಹುಟ್ಟುವುದಕ್ಕೆ ಇನ್ನೂ ಮುನ್ನೂರು ವರ್ಷಗಳಿದ್ದುವು ಎಂದೆ. "ಹಾಗಾದರೆ ಅದು ಹೇಗೆ ನಿಂತಿತು?" ಎಂದು ಅವನು ಮತ್ತೆ ಕೇಳಿದ. ಗಂಟೆ ಬಾರಿಸಿತು. ನಾನು ಬದುಕಿಕೊಂಡೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕೆಲವು ವರ್ಷಗಳ ಬಳಿಕ ಇಂಗ್ಲೆಂಡಿಗೆ ಹೋಗುವ ಅವಕಾಶ ಒದಗಿದಾಗ, ಒಂದು ಇಡೀ ದಿನವನ್ನು ಅದಕ್ಕಾಗಿಯೇ ತೆಗೆದಿಟ್ಟೆ.

ಕಥೆ ಆರಂಭವಾಗುವುದು ಈಗಿನ ಊರಿನಲ್ಲಲ್ಲ, ಅದರ ಉತ್ತರಕ್ಕೆ ಮೂರು ಕಿಲೋಮೀಟರ್ ದೂರದ ಒಂದು ಗುಡ್ಡದ ಮೇಲೆ. ಅದರ ಹೆಸರು ಓಲ್ಡ್ ಸೇರಮ್, ಎಂದರೆ ಹಳೆಯ ಸಾಲಿಸ್‌ಬರಿ. ಅಲ್ಲಿ ಕೋಟೆಯ ಮಗ್ಗುಲಲ್ಲೇ ಕಟ್ಟಿದ ಮೊದಲನೆಯ ಮಹಾದೇವಾಲಯಕ್ಕೆ 1092ರ ಏಪ್ರಿಲ್ ತಿಂಗಳಲ್ಲಿ ಪ್ರತಿಷ್ಠೆಯಾಯಿತು. ಐದೇ ದಿನಗಳಲ್ಲಿ ಬಿರುಗಾಳಿಯೆದ್ದು ಅದನ್ನು ಜಖಂಗೊಳಿಸಿತು! ಗುಡ್ಡದ ಮೇಲೆ ಗಾಳಿಯ ಕಾಟ, ಕುಡಿಯುವ ನೀರಿಗೆ ಬರ, ಕೋಟೆಯ ಸೈನಿಕರೊಂದಿಗೆ ಪಾದ್ರಿಗಳ ಜಗಳ. ಇವೆಲ್ಲದರಿಂದ ಬೇಸತ್ತು ಬಿಷಪ್ ರಿಚರ್ಡ್ ಪೋರ್ ದೇವಾಲಯವನ್ನೂ ಊರನ್ನೂ ಕೆಳಗಿನ ನದೀಬಯಲಿಗೆ ಇಳಿಸಲು ನಿಶ್ಚಯಿಸಿದನು. ಹೊಸ ದೇವಾಲಯದ ಶಂಕುಸ್ಥಾಪನೆ ನಡೆದುದು 1220ರ ಏಪ್ರಿಲ್ 28ರಂದು. 1258ರ ವೇಳೆಗೆ, ಕೇವಲ 38 ವರ್ಷಗಳಲ್ಲಿ, ಪ್ರಧಾನ ಕಟ್ಟಡ ಮುಗಿದು ಪ್ರತಿಷ್ಠೆಯೂ ಆಯಿತು. ಇಂಥ ದೇವಾಲಯಗಳನ್ನು ಮುಗಿಸಲು ನೂರು ಇನ್ನೂರು ವರ್ಷ ಹಿಡಿಯುತ್ತಿದ್ದ ಕಾಲದಲ್ಲಿ ಇದು ವಿಶೇಷವಾದ ವೇಗವೇ ಸರಿ. ಹಳೆಯ ದೇವಾಲಯದ ಕಲ್ಲುಗಳೂ ವ್ಯರ್ಥವಾಗಲಿಲ್ಲ. 1331ರಲ್ಲಿ ದೊರೆ ಮೂರನೆಯ ಎಡ್ವರ್ಡನ ಅಪ್ಪಣೆ ಪಡೆದು ಅವನ್ನು ಕಿತ್ತು ತಂದು ಹೊಸ ದೇವಾಲಯದ ಪ್ರಾಕಾರಕ್ಕೆ ಬಳಸಿದರು. ಆ ಗೋಡೆಯ ಪಕ್ಕದಲ್ಲಿ ನಡೆದುಹೋದರೆ ಹಳೆಯ ಕೆತ್ತನೆಯ ತುಂಡುಗಳು ಅಲ್ಲಲ್ಲಿ ಕಾಣುತ್ತವೆ.

ಗಾಳಿಯಿಂದ ತಪ್ಪಿಸಿಕೊಂಡವರು ನೀರಿಗೆ ಬಂದರು. ಏವನ್, ನಾಡರ್ ಮೊದಲಾದ ಐದು ನದಿಗಳು ಸೇರುವ ತಗ್ಗು ನೆಲವಿದು. ಒಂದೆರಡು ಮೀಟರ್ ಅಗೆದರೆ ನೀರು ಒಸರುತ್ತದೆ. ಆದುದರಿಂದ ಕಲ್ಲುಕೆಲಸದವರು ಆಳವಾದ ಅಡಿಪಾಯವನ್ನು ತೋಡಲಾರದೆ, ಸುಮಾರು ನಾಲ್ಕು ಅಡಿ, ಎಂದರೆ 1.2 ಮೀಟರಿಗೇ ನಿಲ್ಲಿಸಿದರು. ಅಲ್ಲಿ ಅವರಿಗೆ ಗಟ್ಟಿಯಾದ ನುರುಜುಕಲ್ಲಿನ ಪದರ ಸಿಕ್ಕಿತ್ತು. ಈ ನಾಲ್ಕಡಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಏಕೆಂದರೆ 1258ರಲ್ಲಿ ಮುಗಿದ ಕಟ್ಟಡದ ಮೇಲೆ ಈ ಶಿಖರವಿರಲಿಲ್ಲ. ಮಾಡಿನಿಂದ ಸ್ವಲ್ಪವೇ ಮೇಲೆದ್ದ ಒಂದು ಗಿಡ್ಡ ಗೋಪುರವಿತ್ತು. ಕಂಬಗಳು, ಕಮಾನುಗಳು, ಅಡಿಪಾಯ ಎಲ್ಲವೂ ಆ ಗಿಡ್ಡ ಗೋಪುರಕ್ಕೆ ತಕ್ಕಂತೆ ರಚಿತವಾಗಿದ್ದುವು. ಹದಿನಾಲ್ಕನೆಯ ಶತಮಾನದ ಮೊದಲ ದಶಕಗಳಲ್ಲಿ, ಮುಂದಿನ ತಲೆಮಾರಿನವರು ಅದೇ ಕಂಬಗಳ ಮೇಲೆ ಗೋಪುರವನ್ನು ಎತ್ತರಿಸಿ, ಅದರ ಮೇಲೆ ಎಂಟು ಮುಖಗಳ ಶಿಖರವನ್ನು ಕೂರಿಸಿದರು. ಹೀಗೆ ಹೊಸದಾಗಿ ಹೇರಿದ ಭಾರ ಸುಮಾರು 6,500 ಟನ್. ಒಂದು ಅಂತಸ್ತಿನ ಮನೆಗೆಂದು ಹಾಕಿದ ಪಾಯದ ಮೇಲೆ ಮಕ್ಕಳು ಮೂರು ಅಂತಸ್ತು ಏರಿಸಿದಂತಾಯಿತು. ಇದನ್ನು ಧೈರ್ಯವೆನ್ನಬೇಕೋ ಅವಿವೇಕವೆನ್ನಬೇಕೋ ಎಂಬುದನ್ನು ನಾನು ಕೊನೆಯವರೆಗೂ ತೀರ್ಮಾನಿಸಲಾರದೆ ಹೋದೆ. ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಗೋಲ್ಡಿಂಗ್ ಇದೇ ಊರಿನ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದವನು. ಶಿಖರ ಕಟ್ಟುವ ಹಠವೇ ವಸ್ತುವಾಗಿರುವ ಕಾದಂಬರಿಯೊಂದನ್ನು ಅವನು 1964ರಲ್ಲಿ ಪ್ರಕಟಿಸಿದನು. ಅವನಿಗೂ ಈ ಸಂದೇಹವೇ ಕಾಡಿರಬೇಕು.

ಒಳಗೆ ಹೋಗಿ, ಉದ್ದದ ಹಜಾರವೂ ಅಡ್ಡದ ತೋಳುಗಳೂ ಸಂಧಿಸುವ ನಡುಭಾಗದಲ್ಲಿ ನಿಂತು ತಲೆಯೆತ್ತಿ ನೋಡಿ. ನಾಲ್ಕು ಮೂಲೆಗಳಲ್ಲಿ ನಾಲ್ಕು ಭಾರಿ ಕಂಬಗಳಿವೆ. ಒಂದೊಂದು ಕಂಬದ ಸುತ್ತಲೂ ಪರ್ಬೆಕ್ ಕಲ್ಲಿನ ನುಣುಪಾದ ಕಡ್ಡಿಗಂಬಗಳ ಗೊಂಚಲು. (ಪರ್ಬೆಕ್ ಕಲ್ಲನ್ನು ಅಮೃತಶಿಲೆಯೆಂದು ಕರೆಯುವುದುಂಟು, ಆದರೆ ಅದು ಅಮೃತಶಿಲೆಯಲ್ಲ, ಹೊಳಪು ಹಿಡಿಯುವ ಒಂದು ಬಗೆಯ ಸುಣ್ಣಕಲ್ಲು. ಹತ್ತಿರದಿಂದ ನೋಡಿದರೆ ಅದರಲ್ಲಿ ಸಿಹಿನೀರಿನ ಬಸವನಹುಳುಗಳ ಚಿಪ್ಪುಗಳು ಒತ್ತಾಗಿ ಸೇರಿರುವುದು ಕಾಣುತ್ತದೆ.) ಆ ಕಂಬಗಳ ಗುಂಟ ದೃಷ್ಟಿಯನ್ನು ಮೇಲಕ್ಕೆ ಒಯ್ದರೆ ಎದೆ ಒಮ್ಮೆ ಝಲ್ಲೆನ್ನುತ್ತದೆ. ಕಂಬಗಳು ನೆಟ್ಟಗಿಲ್ಲ! ಬಿಲ್ಲಿನಂತೆ ಬಾಗಿವೆ. ಯಾವ ಉಪಕರಣವೂ ಬೇಡ, ಬರಿಗಣ್ಣಿಗೇ ತೋರುವ ಬಾಗು.

ಕಲ್ಲು ಬಾಗುವುದೆಂದರೇನು, ಭಾರ ತಾಳದೆ ನುಗ್ಗಾಗುತ್ತಿದೆಯೆಂದೇ? ಹಾಗಲ್ಲ. ಇಲ್ಲಿ ಒಂದು ಚಿಕ್ಕ ಲೆಕ್ಕವನ್ನು ಮಾಡೋಣ. ಕಟ್ಟಡಕ್ಕೆ ಬಳಸುವ ಸಾಧಾರಣ ಸುಣ್ಣಕಲ್ಲಿನ ಒಂದು ಘನ ಮೀಟರು ಸುಮಾರು 2.2 ಟನ್ ತೂಗುತ್ತದೆ. ಅಂಥ ಕಲ್ಲು ಒಂದು ಚದರ ಮೀಟರಿನ ಮೇಲೆ 2,000 ಟನ್ ಭಾರವನ್ನು ಪುಡಿಯಾಗದೆ ಹೊರಬಲ್ಲುದೆಂದು ಇಟ್ಟುಕೊಳ್ಳಿ. ಹಾಗಾದರೆ ನೆಟ್ಟಗೆ ನಿಲ್ಲಿಸಿದ ಕಲ್ಲಿನ ಕಂಬವೊಂದು ತನ್ನ ಭಾರಕ್ಕೇ ತನ್ನ ಬುಡವನ್ನು ಪುಡಿಮಾಡಿಕೊಳ್ಳಬೇಕಾದರೆ ಅದು ಎಷ್ಟು ಎತ್ತರವಿರಬೇಕು? 2,000ವನ್ನು 2.2ರಿಂದ ಭಾಗಿಸಿದರೆ 900 ಮೀಟರಿಗೂ ಹೆಚ್ಚಾಗುತ್ತದೆ. ನಮ್ಮ ಶಿಖರದ ಎತ್ತರ 123 ಮೀಟರ್ ಮಾತ್ರ. ಆದುದರಿಂದ ಕಲ್ಲಿನ ಬಲ ಸಾಲದೆಂಬ ಭಯ ಇಂಥ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕೇಂಬ್ರಿಡ್ಜಿನ ಜಾಕ್ ಹೇಮನ್ 1966ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಅಂಶವನ್ನು ಚೆನ್ನಾಗಿ ನಿರೂಪಿಸಿದರು. ಕಲ್ಲಿನ ಕಟ್ಟಡ ನಿಲ್ಲುವುದೂ ಬೀಳುವುದೂ ಕಲ್ಲಿನ ಗಟ್ಟಿತನಕ್ಕಿಂತ ಮಿಗಿಲಾಗಿ ಅದರ ಆಕಾರವನ್ನು ಅವಲಂಬಿಸಿದೆ. ಭಾರವು ಮೇಲಿನಿಂದ ನೆಲದವರೆಗೆ ಹರಿದು ಬರುವ ಹಾದಿ ಆದ್ಯಂತವಾಗಿ ಕಲ್ಲಿನ ಒಳಗೇ ಇರಬೇಕು. ಎಲ್ಲಿಯೂ ಕಲ್ಲಿನ ಅಂಚನ್ನು ದಾಟಿ ಹೊರಗೆ ಹೋಗಬಾರದು. ಇಷ್ಟೇ ನಿಯಮ.

ಹಾದಿ ಎಂದೆನಷ್ಟೆ. ಅದನ್ನು ಕಣ್ಣಿಗೆ ಕಾಣುವಂತೆ ಮಾಡಿದವನು ರಾಬರ್ಟ್ ಹುಕ್. ನೀವು ಸ್ಪ್ರಿಂಗಿನ ನಿಯಮದಲ್ಲಿ ಹೆಸರು ಕೇಳಿರುವ ಹುಕ್ಕನೇ ಇವನು. ಒಂದು ಸರಪಳಿಯ ಎರಡು ತುದಿಗಳನ್ನು ಎರಡು ಮೊಳೆಗಳಿಗೆ ಸಿಕ್ಕಿಸಿ ಇಳಿಬಿಡಿ. ಅದು ತನ್ನ ಭಾರದಿಂದ ತಾನೇ ಒಂದು ಅಂದವಾದ ಬಾಗನ್ನು ತಳೆಯುತ್ತದೆ. ಸರಪಳಿಯ ಕೊಂಡಿಗಳು ಒಂದನ್ನೊಂದು ಎಳೆಯಬಲ್ಲುವೇ ಹೊರತು ತಳ್ಳಲಾರವು. ಈಗ ಆ ಬಾಗನ್ನು ತಲೆಕೆಳಗು ಮಾಡಿದಿರೆಂದು ಊಹಿಸಿ. ಎಳೆತವೆಲ್ಲ ತಳ್ಳಿಕೆಯಾಗುತ್ತದೆ, ಸರಪಳಿ ಕಮಾನಾಗುತ್ತದೆ. ಕಲ್ಲಿಗೆ ಬೇಕಾದುದು ಇದೇ. ಅದು ತಳ್ಳಿಕೆಯನ್ನು ಸಲೀಸಾಗಿ ತಾಳುತ್ತದೆ, ಎಳೆದರೆ ಬಿರುಕು ಬಿಡುತ್ತದೆ. ಹುಕ್ ಈ ತತ್ತ್ವವನ್ನು 1675ರಲ್ಲಿ ಅಕ್ಷರಗಳನ್ನು ಕಲಸಿಟ್ಟ ಒಂದು ಒಗಟಿನ ರೂಪದಲ್ಲಿ ಅಚ್ಚುಮಾಡಿಸಿದನು. ತನ್ನ ಶೋಧವನ್ನು ಬೇರೆಯವರು ಕದಿಯಬಾರದೆಂದು ಅಂದಿನವರು ಮಾಡುತ್ತಿದ್ದ ಉಪಾಯವದು.

ಸರಪಳಿಯನ್ನು ಹಿಡಿದಿರುವ ಎರಡು ಮೊಳೆಗಳನ್ನು ಅದು ಒಳಕ್ಕೆ ಎಳೆಯುತ್ತದೆ. ಹಾಗೆಯೇ ಕಮಾನು ತನ್ನ ಎರಡು ಬುಡಗಳನ್ನು ಹೊರಕ್ಕೆ ತಳ್ಳುತ್ತದೆ. ಸಾಲಿಸ್‌ಬರಿಯ ತೊಂದರೆ ಇರುವುದು ಇಲ್ಲಿ. ನಾಲ್ಕು ದಿಕ್ಕುಗಳಿಂದ ಬರುವ ಕಮಾನುಗಳ ಸಾಲುಗಳು ನಡುವಿನ ನಾಲ್ಕು ಕಂಬಗಳಿಗೆ ಒರಗಿಕೊಂಡು, ಅವುಗಳ ಸೊಂಟವನ್ನು ಬೇರೆ ಬೇರೆ ಎತ್ತರಗಳಲ್ಲಿ ಒಳಕ್ಕೆ ನೂಕುತ್ತವೆ. ತಲೆಯ ಮೇಲೋ 6,500 ಟನ್ನಿನ ಹೊರೆ. ಒಂದು ಬೆತ್ತವನ್ನು ನೆಲಕ್ಕೆ ಊರಿ ಮೇಲಿನಿಂದ ಅದುಮುತ್ತಿರುವಾಗ ಯಾರಾದರೂ ನಡುವಿನಲ್ಲಿ ಬೆರಳಿನಿಂದ ತಳ್ಳಿದರೆ ಏನಾಗುತ್ತದೆ? ಮೊದಲೇ ಅದುಮಿಸಿಕೊಂಡಿರುವ ಬೆತ್ತ ಸ್ವಲ್ಪ ತಳ್ಳಿದರೂ ಬಾಗುತ್ತದೆ. ಕಂಬಗಳಿಗೆ ಆದುದೂ ಅದೇ. ಬಾಗು ಇನ್ನೂ ಬೆಳೆಯುತ್ತ ಹೋಗಿದ್ದರೆ ಭಾರದ ಹಾದಿ ಒಂದು ದಿನ ಕಂಬದ ಅಂಚನ್ನು ದಾಟುತ್ತಿತ್ತು. ಆಮೇಲೆ ಹೇಳುವುದೇನೂ ಉಳಿಯುತ್ತಿರಲಿಲ್ಲ. ಚಿಚೆಸ್ಟರ್ ಎಂಬ ಊರಿನಲ್ಲಿ 1861ರಲ್ಲಿ ಹಾಗೆಯೇ ಆಯಿತು. ಅಲ್ಲಿಯ ಕಂಬಗಳು ಸೋತು ಶಿಖರ ತನ್ನೊಳಗೆ ತಾನೇ ಕುಸಿದು ನೆಲ ಸೇರಿತು. ಈಲಿ ಎಂಬಲ್ಲಿ ನಡುಗೋಪುರ 1322ರಲ್ಲಿಯೇ ಬಿದ್ದಿತ್ತು. ಹಳೆಯ ಶಿಲ್ಪಿಗಳು ಕಟ್ಟಿದುದೆಲ್ಲ ಶಾಶ್ವತವೆಂದು ನಾವು ಹೊಗಳುವುದುಂಟು. ಬಿದ್ದುಹೋದವು ನಮ್ಮ ಕಣ್ಣಿಗೆ ಬೀಳುವುದಿಲ್ಲವಾದುದರಿಂದ ಈ ಭ್ರಮೆ.

ಸಾಲಿಸ್‌ಬರಿಯವರು ಕೈಕಟ್ಟಿ ಕುಳಿತಿರಲಿಲ್ಲ. ಗೋಪುರದ ಸುತ್ತ ಕಬ್ಬಿಣದ ಪಟ್ಟಿಗಳನ್ನು ಬಿಗಿದರು. ಶಿಖರದ ಎಂಟು ಮುಖಗಳು ಬುಡದಲ್ಲಿ ಹೊರಕ್ಕೆ ಹರಡಲು ನೋಡುತ್ತವೆ. ಪೀಪಾಯಿಯ ಹಲಗೆಗಳನ್ನು ಕಬ್ಬಿಣದ ಬಳೆ ಹಿಡಿದಿಡುವಂತೆ ಪಟ್ಟಿ ಅವನ್ನು ಹಿಡಿದಿಡುತ್ತದೆ. ಪೂರ್ವ ಭಾಗದ ಅಡ್ಡತೋಳುಗಳಲ್ಲಿ ಒಂದು ಕಮಾನಿನ ತಲೆಯ ಮೇಲೆ ಇನ್ನೊಂದನ್ನು ಬೋರಲಾಗಿಟ್ಟಂತೆ ತೋರುವ ವಿಚಿತ್ರವಾದ ಕಮಾನುಗಳಿವೆ. ನೋಡುವವರು ಅವನ್ನು ಅಲಂಕಾರವೆಂದು ಭಾವಿಸುತ್ತಾರೆ. ಅವು ಅಲಂಕಾರವಲ್ಲ, ಬಾಗುತ್ತಿದ್ದ ಕಂಬಗಳ ನಡುವೆ ಕೊಟ್ಟ ಊರೆಗಳು. ನಡುಭಾಗದ ಉತ್ತರ ದಕ್ಷಿಣಗಳಲ್ಲಿಯೂ ಹದಿನೈದನೆಯ ಶತಮಾನದಲ್ಲಿ ಕಲ್ಲಿನ ಊರೆಗಳನ್ನು ಸೇರಿಸಿದರು. ತರಗತಿಯ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರದ ಅರ್ಧಭಾಗ ನನಗೆ ಇಲ್ಲಿ ದೊರೆಯಿತು. ಅವರಿಗೆ ಸೂತ್ರ ಗೊತ್ತಿರಲಿಲ್ಲ, ನಿಜ. ಆದರೆ ಕಲ್ಲಿನ ಕಟ್ಟಡ ಬೀಳುವ ಮೊದಲು ಬಿರುಕುಬಿಟ್ಟು, ಬಾಗಿ, ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆಯನ್ನು ಓದುವುದು ಅವರಿಗೆ ಗೊತ್ತಿತ್ತು.

ಉಳಿದರ್ಧ ನೆಲದೊಳಗಿದೆ. ಅದನ್ನು ಹೇಳುವ ಮೊದಲು 1668ಕ್ಕೆ ಬರಬೇಕು. ಆಗ ಸಾಲಿಸ್‌ಬರಿಯ ಬಿಷಪ್ಪನಾಗಿದ್ದವನು ಸೆತ್ ವಾರ್ಡ್. ಅವನು ಬಿಷಪ್ಪನಾಗುವುದಕ್ಕೆ ಮುಂಚೆ ಆಕ್ಸ್‌ಫರ್ಡಿನಲ್ಲಿ ಖಗೋಳವಿಜ್ಞಾನದ ಪ್ರಾಧ್ಯಾಪಕನಾಗಿದ್ದನು. ಅವನ ನಂತರ ಅದೇ ಪೀಠಕ್ಕೆ ಬಂದವನು ಕ್ರಿಸ್ಟೋಫರ್ ರೆನ್. ಮುಂದೆ ಲಂಡನ್ನಿನ ಹೊಸ ಸೇಂಟ್ ಪಾಲ್ ದೇವಾಲಯವನ್ನು ರಚಿಸಿದ ಅದೇ ರೆನ್. ಶಿಖರದ ಬಗ್ಗೆ ಆತಂಕಗೊಂಡ ವಾರ್ಡ್ ತನ್ನ ಈ ಗೆಳೆಯನನ್ನು ಕರೆಸಿ ಪರೀಕ್ಷೆ ಮಾಡಿಸಿದನು. ಇಬ್ಬರು ಖಗೋಳವಿಜ್ಞಾನಿಗಳು ಕೂಡಿ ಒಂದು ಶಿಖರದ ಆರೋಗ್ಯವನ್ನು ವಿಚಾರಿಸಿದ ಈ ಪ್ರಸಂಗ ನನಗೆ ಬಹಳ ಪ್ರಿಯವಾದುದು. ಗೋಡೆ ನೆಟ್ಟಗಿದೆಯೆ ಎಂದು ನೋಡಲು ಗಾರೆಯವರು ಇಳಿಬಿಡುವ ತೂಕದ ಗುಂಡೇ ಅಲ್ಲಿಯ ಮುಖ್ಯ ಉಪಕರಣ. ಶಿಖರದ ತುದಿ ನೈಋತ್ಯಕ್ಕೆ ಸುಮಾರು 75 ಸೆಂಟಿಮೀಟರ್ ವಾಲಿದೆಯೆಂಬುದು ಹೊರಪಟ್ಟಿತು.

75 ಸೆಂಟಿಮೀಟರ್ ಎಂದರೆ ಹೆಚ್ಚೋ ಕಡಮೆಯೋ? 123 ಮೀಟರಿಗೆ ಮುಕ್ಕಾಲು ಮೀಟರ್ ವಾಲುವುದೆಂದರೆ ಎರಡು ಮೀಟರ್ ಉದ್ದದ ಕೋಲೊಂದನ್ನು ತುದಿಯಲ್ಲಿ 12 ಮಿಲಿಮೀಟರ್ ವಾಲಿಸಿದ ಹಾಗೆ. ಕೋನದ ಲೆಕ್ಕದಲ್ಲಿ ಒಂದು ಡಿಗ್ರಿಯ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಶಿಖರದ ಭಾಗವೊಂದೇ ಸುಮಾರು 55 ಮೀಟರ್ ಎತ್ತರವಿದೆ. ಅದು ಒಳಗೆ ಟೊಳ್ಳು. ಟೊಳ್ಳು ಶಂಕುವಿನ ಗುರುತ್ವ ಕೇಂದ್ರ ಬುಡದಿಂದ ಎತ್ತರದ ಮೂರನೆಯ ಒಂದು ಭಾಗದಲ್ಲಿರುತ್ತದೆ (ಗಟ್ಟಿ ಶಂಕುವಿನಲ್ಲಾದರೆ ನಾಲ್ಕನೆಯ ಒಂದು ಭಾಗದಲ್ಲಿ, ಪರೀಕ್ಷೆಯಲ್ಲಿ ಇದನ್ನು ತಪ್ಪುವವರು ಬಹಳ). ಬುಡದಿಂದ ತುದಿಯವರೆಗೆ ಒಂದೇ ಸಮನಾಗಿ ವಾಲಿದೆಯೆಂದು ಭಾವಿಸಿದರೆ, ಗುರುತ್ವ ಕೇಂದ್ರವಿರುವ ಕಡೆ ವಾಲು ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು. ಗೋಪುರದ ಅಗಲವಾದರೋ ಹತ್ತು ಮೀಟರಿನ ಆಸುಪಾಸು. ಲಂಬರೇಖೆ ನಿರಾತಂಕವಾಗಿ ಒಳಗೇ ಬೀಳುತ್ತದೆ. ವಾಲಿರುವುದು ಅಪಾಯವಲ್ಲ, ವಾಲುತ್ತಲೇ ಇರುವುದು ಅಪಾಯ. ಇವೆರಡರ ಅಂತರವನ್ನು ಒಂದೇ ಸಲ ಅಳೆದು ತಿಳಿಯಲಾಗದು.

ಆದಕಾರಣ ಮತ್ತೆ ಮತ್ತೆ ಅಳೆದರು. 1737ರ ಅಳತೆಯನ್ನು ಗುರುತಿಸಿ ನಡುಭಾಗದ ನೆಲದಲ್ಲಿ ಒಂದು ಹಿತ್ತಾಳೆಯ ಫಲಕವನ್ನು ಹುದುಗಿಸಿದ್ದಾರೆ. 1860ರ ದಶಕದಲ್ಲಿ ಗಿಲ್ಬರ್ಟ್ ಸ್ಕಾಟ್‌ನ ನೇತೃತ್ವದಲ್ಲಿ ಗೋಪುರದೊಳಗೆ ಹೊಸ ಕಬ್ಬಿಣದ ಬಿಗಿಪಟ್ಟಿಗಳನ್ನು ಜೋಡಿಸಿದರು. 1951ರಲ್ಲಿಯೂ 1970ರಲ್ಲಿಯೂ ಪುನಃ ಅಳೆದು ನೋಡಿದಾಗ ವಾಲು ಹೆಚ್ಚಿರಲಿಲ್ಲ.

ಪೀಸಾ ನಗರದ ಗೋಪುರದೊಡನೆ ಇದನ್ನು ಹೋಲಿಸಬೇಕು. 1173ರಲ್ಲಿ ಆರಂಭವಾದ ಆ ಗೋಪುರ ಶತಮಾನಗಳುದ್ದಕ್ಕೂ ವಾಲುತ್ತಲೇ ಹೋಗಿ, 1990ರ ವೇಳೆಗೆ ಐದೂವರೆ ಡಿಗ್ರಿಯನ್ನು ಮುಟ್ಟಿತು. ಅದರ ಬುಡದ ಮಣ್ಣನ್ನು ಒಂದು ಪಕ್ಕದಿಂದ ಉಪಾಯವಾಗಿ ತೆಗೆದು ವಾಲನ್ನು ತಗ್ಗಿಸಬೇಕಾಯಿತು. ಏಕೆ ಈ ವ್ಯತ್ಯಾಸ? ಪೀಸಾದ ಕೆಳಗಿರುವುದು ಜೇಡಿಮಣ್ಣು. ಜೇಡಿಮಣ್ಣಿನ ಕಣಗಳು ಅತಿ ಸೂಕ್ಷ್ಮ. ಅವುಗಳ ನಡುವಿನ ನೀರು ಭಾರಕ್ಕೆ ಸಿಕ್ಕಿ ಹೊರಗೆ ಜಿನುಗಲು ವರ್ಷಗಟ್ಟಲೆ ಹಿಡಿಯುತ್ತದೆ. ನೀರು ಜಿನುಗಿದಂತೆಲ್ಲ ನೆಲ ಕುಸಿಯುತ್ತದೆ. ನುರುಜುಕಲ್ಲಿನ ಸಂದುಗಳು ದೊಡ್ಡವು. ನೀರು ಅಡ್ಡಿಯಿಲ್ಲದೆ ಹರಿದುಹೋಗುತ್ತದೆ. ಭಾರ ಬಿದ್ದಾಗ ಕಲ್ಲಿಗೆ ಕಲ್ಲು ಒತ್ತಿ ಕುಳಿತುಕೊಳ್ಳುತ್ತದೆ, ಅಲ್ಲಿಗೆ ಮುಗಿಯಿತು. ಸಾಲಿಸ್‌ಬರಿಯ ನೆಲ ಕುಸಿಯಬೇಕಾದುದೆಲ್ಲ ಬಹುಮಟ್ಟಿಗೆ ಶಿಖರ ಏರುತ್ತಿದ್ದಾಗಲೇ ಕುಸಿದಿರಬೇಕು. ನಾಲ್ಕಡಿ ಕೆಳಗೆ ಇಂಥ ಪದರವಿದ್ದುದು ಕಟ್ಟಿದವರ ಜಾಣತನವೋ ಅದೃಷ್ಟವೋ? ನುರುಜುಕಲ್ಲನ್ನು ಕಂಡು ಅಗೆತವನ್ನು ನಿಲ್ಲಿಸಿದುದು ಜಾಣತನ; ಅದು ಅಲ್ಲಿದ್ದುದು ಅದೃಷ್ಟ.

ಮಧ್ಯಾಹ್ನ ಗೋಪುರವನ್ನು ಹತ್ತಿದೆ. ಶಿಖರದ ಬುಡದವರೆಗೆ 332 ಮೆಟ್ಟಿಲುಗಳು. ಹಾದಿಯಲ್ಲಿ, ಕಮಾನು ಛಾವಣಿಯ ಮೇಲೆ, ಕಲ್ಲುಗಳನ್ನು ಎತ್ತಲು ಬಳಸುತ್ತಿದ್ದ ಮರದ ದೊಡ್ಡ ರಾಟೆಯೊಂದು ಈಗಲೂ ಇದೆ. ನಿಮ್ಮ ಪಠ್ಯದ 'ಚಕ್ರ ಮತ್ತು ಅಚ್ಚು' ಇದೇ. ಚಕ್ರದ ತ್ರಿಜ್ಯ ಅಚ್ಚಿನ ತ್ರಿಜ್ಯದ ಹತ್ತರಷ್ಟಿದ್ದರೆ, ಘರ್ಷಣೆಯನ್ನು ಬಿಟ್ಟು, ಒಬ್ಬನು ಹತ್ತರಷ್ಟು ಭಾರವನ್ನು ಎತ್ತಬಲ್ಲನು. ಶಿಖರದ ಒಳಕ್ಕೆ ತಲೆಯಿಟ್ಟು ಮೇಲೆ ನೋಡಿದರೆ ತೊಲೆಗಳ ಮೇಲೆ ತೊಲೆಗಳ ಒಂದು ಕಾಡೇ ಕಾಣುತ್ತದೆ. ಕಟ್ಟುವಾಗ ನಿಂತು ಕೆಲಸ ಮಾಡಲು ಹಾಕಿದ ಅಟ್ಟಣೆಯನ್ನು ಅವರು ಬಿಚ್ಚಲೇ ಇಲ್ಲ. ಶಿಖರದ ಗೋಡೆ ಬುಡದಲ್ಲಿ ಎರಡು ಅಡಿ ದಪ್ಪವಿದ್ದು, ಮೇಲೆ ಹೋದಂತೆ ಒಂದು ಅಡಿಗಿಂತಲೂ ತೆಳುವಾಗುತ್ತದೆ. ಹೊರಗಿನಿಂದ ಪರ್ವತದಂತೆ ತೋರುವ ವಸ್ತು ಒಳಗೆ ಒಂದು ಚಿಪ್ಪು!

ಇಳಿದು ಬಂದ ಮೇಲೆ ಎಂಟು ಮೂಲೆಯ ಸಭಾಮಂದಿರದಲ್ಲಿ 1215ರ ಮ್ಯಾಗ್ನಕಾರ್ಟ ಪತ್ರವನ್ನು ನೋಡಿದೆ. ಉಳಿದುಬಂದಿರುವ ನಾಲ್ಕು ಮೂಲ ಪ್ರತಿಗಳಲ್ಲಿ ಇದೊಂದು. ಚರಿತ್ರೆಯ ವಿದ್ಯಾರ್ಥಿಗಳು ಕ್ಷಮಿಸಬೇಕು, ನನ್ನ ಮನಸ್ಸು ಪಕ್ಕದ ಗಡಿಯಾರದ ಕಡೆಗೇ ಎಳೆಯುತ್ತಿತ್ತು. 1386ರದೆಂದು ಹೇಳುವ ಕಬ್ಬಿಣದ ಗಡಿಯಾರವದು. ಕೆಲವು ವಿದ್ವಾಂಸರು ಅಷ್ಟು ಹಳೆಯದಲ್ಲವೆಂದು ವಾದಿಸುತ್ತಾರೆ. ಅದಕ್ಕೆ ಮುಖವಿಲ್ಲ, ಮುಳ್ಳುಗಳಿಲ್ಲ. ಗಂಟೆ ಬಾರಿಸುವುದಷ್ಟೇ ಅದರ ಕೆಲಸವಾಗಿತ್ತು. ಹಗ್ಗಕ್ಕೆ ಕಟ್ಟಿದ ಕಲ್ಲಿನ ಗುಂಡುಗಳು ನಿಧಾನವಾಗಿ ಇಳಿಯುತ್ತ ಹಲ್ಲುಚಕ್ರಗಳನ್ನು ತಿರುಗಿಸುತ್ತವೆ. ಕೊನೆಯ ಚಕ್ರದ ಹಲ್ಲುಗಳು ಒಂದು ಅಡ್ಡಪಟ್ಟಿಯನ್ನು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ತಳ್ಳುತ್ತವೆ. ಪಟ್ಟಿಯ ಪ್ರತಿಯೊಂದು ತೊನೆತಕ್ಕೂ ಒಂದು ಹಲ್ಲು ಮುಂದೆ ಸರಿಯುತ್ತದೆ. ಲೋಲಕಕ್ಕೆ ತನ್ನದೇ ಆದ ಆವರ್ತಕಾಲವಿದೆ. ಈ ಪಟ್ಟಿಗೆ ಅಂಥದಿಲ್ಲ. ಅದರ ವೇಗ ಗುಂಡಿನ ಎಳೆತವನ್ನೂ ಘರ್ಷಣೆಯನ್ನೂ ಪಟ್ಟಿಯ ಜಡತ್ವವನ್ನೂ ಅವಲಂಬಿಸಿ ಏರಿಳಿಯುತ್ತದೆ. ಹೈಗೆನ್ಸ್ 1656ರಲ್ಲಿ ಲೋಲಕದ ಗಡಿಯಾರವನ್ನು ರಚಿಸಿದ ಬಳಿಕ ಇದಕ್ಕೂ ಒಂದು ಲೋಲಕವನ್ನು ತೊಡಿಸಿದರು. ಮುಂದೆ ಗಡಿಯಾರವೇ ಮೂಲೆಗುಂಪಾಯಿತು. ಗೋಪುರದಲ್ಲಿ ಮರೆತುಬಿಟ್ಟಿದ್ದ ಅದನ್ನು ಇಪ್ಪತ್ತನೆಯ ಶತಮಾನದಲ್ಲಿ ಕಂಡುಹಿಡಿದು, 1956ರಲ್ಲಿ ಲೋಲಕವನ್ನು ಕಳಚಿ, ಹಳೆಯ ಅಡ್ಡಪಟ್ಟಿಯ ಕ್ರಮಕ್ಕೇ ಮರಳಿಸಿ ನಡೆಯಿಸಿದರು.

ಹೊರಡುವ ಮುನ್ನ ಅಲ್ಲಿಯ ಮಾರ್ಗದರ್ಶಕರೊಬ್ಬರನ್ನು ಕೇಳಿದೆ: ನೆಲದಡಿಯ ನೀರು ಈಗ ಎಷ್ಟು ಮೇಲಿದೆ? ವಯಸ್ಸಾದ ಆ ಗೃಹಸ್ಥರು ನಸುನಕ್ಕು, ನೆಲಗಲ್ಲಿನಲ್ಲಿ ಮಾಡಿದ ಒಂದು ಚಿಕ್ಕ ಕಿಂಡಿಯ ಮುಚ್ಚಳವನ್ನು ತೆಗೆದು, ಒಂದು ಉದ್ದನೆಯ ಕೋಲನ್ನು ಅದರೊಳಕ್ಕೆ ಇಳಿಬಿಟ್ಟರು. ಮೋಟಾರಿನ ಎಣ್ಣೆಯನ್ನು ನೋಡುವಂತೆ ಅದನ್ನು ಮೇಲಕ್ಕೆಳೆದು ನನ್ನ ಮುಂದೆ ಹಿಡಿದರು. ಕೋಲಿನ ತುದಿ ಒದ್ದೆಯಾಗಿತ್ತು. "ಸರಿಯಾಗಿದೆ" ಎಂದು ಹೇಳಿ, ಬಟ್ಟೆಯಿಂದ ಒರೆಸಿ, ಮುಚ್ಚಳವನ್ನು ಮತ್ತೆ ಮುಚ್ಚಿದರು.